1 ಲಕ್ಷ ವ್ಯೂಸ್, 14 ಸಾವಿರ ಬಾಡಿಗೆ

ಹೋದ ತಿಂಗಳು ನಮ್ಮ ಓನರ್ ಆಂಟಿ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದರು. "ಏನಮ್ಮಾ, ನಿನ್ನ ವಿಡಿಯೋನ ಲಕ್ಷ ಜನ ನೋಡಿದ್ದಾರಂತೆ? ನನ್ನ ತಂಗಿ ಮಗಳು ಶಿವಮೊಗ್ಗದಿಂದ ಫೋನ್ ಮಾಡಿದ್ದಳು."

ನಾನು ಉಬ್ಬಿಹೋದೆ. ಮುಂದಿನ ಮಾತು ಬರೋವರೆಗೆ.

"ಹಾಗಾದ್ರೆ ಜನವರಿಯಿಂದ ಬಾಡಿಗೆ ಒಂದು ಸಾವಿರ ಜಾಸ್ತಿ ಮಾಡೋಣ್ವಾ?"

ಯೂಟ್ಯೂಬ್‌ನಲ್ಲಿ ನನ್ನದೊಂದು ಹೊಲಿಗೆ ಚಾನಲ್ ಇದೆ. ಆ ವಿಡಿಯೋ ಬ್ಲೌಸಿನ ಆರ್ಮ್‌ಹೋಲ್, ಅಂದರೆ ತೋಳು ಕೂರಿಸೋ ಸುತ್ತಿನ ಕಟಿಂಗ್‌ದು. ತೋಳು ಕೂರಿಸಿದ ಮೇಲೆ ಕಂಕುಳ ಹತ್ತಿರ ಸುಕ್ಕು ಬರುತ್ತಲ್ಲ, ಅದು ಯಾಕೆ ಬರುತ್ತೆ, ಎಲ್ಲಿ ಅರ್ಧ ಇಂಚು ತೆಗೆಯಬೇಕು ಅಂತ ತೋರಿಸಿದ್ದೆ. ಶೂಟಿಂಗು, ಎಡಿಟಿಂಗು ಸೇರಿ ಮೂರು ದಿನದ ಕೆಲಸ. ಹನುಮಂತನಗರದ ನಮ್ಮ ರಸ್ತೆಯಲ್ಲಿ ಹಗಲು ರೆಕಾರ್ಡ್ ಮಾಡೋ ಮಾತೇ ಇಲ್ಲ. ತರಕಾರಿ ಗಾಡಿಯ ಮೈಕು, ನೀರಿನ ಟ್ಯಾಂಕರು, ಎದುರು ಮನೆಯ ಡ್ರಿಲ್ಲಿಂಗು. ಹಾಗಾಗಿ ರಾತ್ರಿ 11ರ ಮೇಲೆ, ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಂಡು ಕೂತು ಮಾಡಿದ್ದು. ಲಕ್ಷ ವ್ಯೂಸಿಗೆ ಜಾಹೀರಾತಿನಿಂದ ನನಗೆ ಬಂದದ್ದು 3,100 ರೂಪಾಯಿ. ನಮ್ಮ ಬಾಡಿಗೆ 14 ಸಾವಿರ.

ಆಂಟಿಗೆ ಇದನ್ನು ಹೇಳಿದೆ. ನಂಬಲಿಲ್ಲ. ನನ್ನ ಅಮ್ಮನೇ ನಂಬಲ್ಲ, ಆಂಟಿ ಯಾಕೆ ನಂಬುತ್ತಾರೆ?

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷ ಮಾದರಿ ಬಟ್ಟೆ ಹೊಲಿಯೋ ಸ್ಯಾಂಪ್ಲಿಂಗ್ ಸೆಕ್ಷನ್ನಿನಲ್ಲಿದ್ದೆ. ಅಲ್ಲಿ ಸಂಬಳ ಕಮ್ಮಿ, ಬೈಗುಳ ಜಾಸ್ತಿ. ಆದರೂ ಯಾವ ತಾರೀಖಿಗೆ ದುಡ್ಡು ಬರುತ್ತೆ ಅನ್ನೋದು ಗೊತ್ತಿರುತ್ತಿತ್ತು. ಚಾನಲ್ ಶುರು ಮಾಡಿದಾಗ ಎಲ್ಲರ ಹಾಗೆ ನಾನೂ ಅಂದುಕೊಂಡಿದ್ದು, ವಿಡಿಯೋ ಹಾಕ್ತಾ ಹೋದರೆ ದುಡ್ಡು ತಾನಾಗಿ ಬರುತ್ತೆ ಅಂತ.

ಮೊದಲ ಬಾಗಿಲೇ ಸಣ್ಣದಲ್ಲ. ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೋ ಮಾಡೋರಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳೊಳಗೆ 4,000 ಗಂಟೆ ವೀಕ್ಷಣೆ ಆಗಿರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ನನ್ನ ವಿಡಿಯೋನ ಜನ ಸರಾಸರಿ ನಾಲ್ಕು ನಿಮಿಷ ನೋಡ್ತಿದ್ದರು. ಅಂದರೆ 60,000 ಸಲ ಯಾರಾದರೂ ಬಂದು ಕೂತು ನೋಡಬೇಕು. ನನಗೆ ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಒಂದು ಪೈಸೆ ಇಲ್ಲ.

ಆಮೇಲೆ ಲೆಕ್ಕ ಹೀಗೆ. ಉದ್ದ ವಿಡಿಯೋದ ಜಾಹೀರಾತಿನಲ್ಲಿ ನೂರಕ್ಕೆ 55 ನಮಗೆ, ಉಳಿದದ್ದು ಅವರಿಗೆ. ಶಾರ್ಟ್ಸ್ ಅನ್ನೋ ಚಿಕ್ಕ ವಿಡಿಯೋದಲ್ಲಿ ನಮ್ಮ ಪಾಲು 45. ಸೆರಗು ಪಿನ್ ಮಾಡೋದನ್ನು ತೋರಿಸಿದ ನನ್ನ ಒಂದು ಶಾರ್ಟ್ಸ್ 8 ಲಕ್ಷ ದಾಟಿತು. ಮನೆಯವರೆಲ್ಲ ಹೋಳಿಗೆ ಮಾಡಿ ತಿಂದೆವು. ಅದರಿಂದ ಬಂದದ್ದು 700 ಚಿಲ್ಲರೆ. ಹೋಳಿಗೆಯ ತುಪ್ಪ, ಬೇಳೆ, ಬೆಲ್ಲಕ್ಕೆ ಸರಿಹೋಯಿತು.

ಖಾತೆಯಲ್ಲಿ 100 ಡಾಲರ್ ಸೇರೋವರೆಗೆ ದುಡ್ಡು ಕೈಗೆ ಬರಲ್ಲ. ನನ್ನ ಮೊದಲ 100 ಡಾಲರಿಗೆ ನಾಲ್ಕು ತಿಂಗಳಾಯಿತು. ಸೇರಿದರೂ ಅದು ಬರೋದು ಮುಂದಿನ ತಿಂಗಳು 21ರಿಂದ 26ರ ಒಳಗೆ. ಬಾಡಿಗೆ ಕೊಡಬೇಕಾದ್ದು 5ಕ್ಕೆ. ಈ ಎರಡು ತಾರೀಖಿನ ಮಧ್ಯೆ ನಾನು ಎಷ್ಟು ಸಲ ತಮ್ಮನ ಹತ್ತಿರ ಕೈಸಾಲ ತಗೊಂಡಿದ್ದೀನೋ ಅವನಿಗೇ ಗೊತ್ತು.

ಕನ್ನಡದ ವಿಷಯ ಬೇರೆ ಇದೆ. ನನ್ನ ಪರಿಚಯದ ಹುಡುಗಿಯೊಬ್ಬಳು ಇಂಗ್ಲಿಷ್‌ನಲ್ಲಿ ಇದೇ ಹೊಲಿಗೆ ಹೇಳಿಕೊಡ್ತಾಳೆ. ಅವಳನ್ನು ಹೊರದೇಶದವರೂ ನೋಡುತ್ತಾರೆ, ಆ ದೇಶಗಳಲ್ಲಿ ಜಾಹೀರಾತಿನ ರೇಟು ಜಾಸ್ತಿ. ನನ್ನ ಅರ್ಧದಷ್ಟು ವ್ಯೂಸಿಗೆ ನನಗಿಂತ ಹೆಚ್ಚು ಎಣಿಸ್ತಾಳೆ. ಹೊಟ್ಟೆಕಿಚ್ಚು ಆಗಲ್ಲ ಅಂದರೆ ಸುಳ್ಳು.

ಮತ್ತೆ ಕಂಪನಿಗಳವರು ಬರುತ್ತಾರಲ್ಲ ಅಂತ ಕೇಳ್ತೀರಿ. ಬರುತ್ತಾರೆ. "ಮೇಡಂ ಕೊಲಾಬ್ ಮಾಡೋಣ, ಸೀರೆ ಕಳಿಸ್ತೀವಿ." ದುಡ್ಡು? "ಇಲ್ಲ ಮೇಡಂ, ಬಾರ್ಟರ್." ಅಂದರೆ ವಸ್ತು ಕೊಟ್ಟು ವಿಡಿಯೋ ಮಾಡಿಸಿಕೊಳ್ಳೋದು. ನಮ್ಮ ಅಟ್ಟದ ಮೇಲೆ ಈಗ ಹನ್ನೊಂದು ಸಿಂಥೆಟಿಕ್ ಸೀರೆ, ಎರಡು ಇಸ್ತ್ರಿ ಪೆಟ್ಟಿಗೆ, ಒಂದು ಆವಿ ಹಿಡಿಯೋ ಮೆಷಿನ್ ಇದೆ. ಆವಿ ಹಿಡಿಯೋದು ಯಾಕೆ ಕಳಿಸಿದರೋ ಇವತ್ತಿಗೂ ಅರ್ಥವಾಗಿಲ್ಲ.

ಒಮ್ಮೆ ಮಾತ್ರ ದೊಡ್ಡದು ಬಂತು. 26,000 ರೂಪಾಯಿಯ ಹೊಲಿಗೆ ಮೆಷಿನ್. ಇಟ್ಟುಕೊಳ್ಳಿ ಅಂದರು. ಮರುದಿನ ಅವರ ಅಕೌಂಟ್ಸಿನವರ ಫೋನು, "ಮೇಡಂ, ಟ್ಯಾಕ್ಸ್ 2,600 ಕಟ್ಟಬೇಕಾಗುತ್ತೆ." ಹೀಗೆ ಪುಕ್ಕಟೆ ಕೊಟ್ಟ ವಸ್ತು ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇಕಡಾ 10 ಟಿಡಿಎಸ್, ಅಂದರೆ ಕೊಡೋವರೇ ಮುಂಚೆ ಹಿಡಿದು ಕಟ್ಟೋ ತೆರಿಗೆ, ಅನ್ನೋ ನಿಯಮ 2022ರ ಜುಲೈ 1ರಿಂದ ಇದೆ. ನನಗೆ ಆವತ್ತು ಗೊತ್ತಾಯಿತು. ಉಡುಗೊರೆಗೆ ಕೈಯಿಂದ ದುಡ್ಡು ಹಾಕೋ ಯೋಗ! ವಿಡಿಯೋ ಮಾಡಿ ಮೆಷಿನ್ ವಾಪಸ್ ಕಳಿಸಿಬಿಟ್ಟೆ. ವಾಪಸ್ ಕೊಟ್ಟರೆ ಆ ತಲೆನೋವಿಲ್ಲ.

ನನ್ನ ಕಣ್ಣು ತೆರೆಸಿದವಳು ಗಾರ್ಮೆಂಟ್ಸಿನ ಹಳೇ ಗೆಳತಿ. ಟಿಕ್‌ಟಾಕ್‌ನಲ್ಲಿ ಅವಳಿಗೆ ಮೂರು ಲಕ್ಷ ಫಾಲೋವರ್ಸ್ ಇದ್ದರು. ಬಸ್‌ಸ್ಟಾಪಿನಲ್ಲಿ ಜನ ಸೆಲ್ಫಿ ಕೇಳ್ತಿದ್ದರು. 2020ರ ಜೂನ್ 29ರ ರಾತ್ರಿ ಸರ್ಕಾರ ಆ ಆ್ಯಪ್ ನಿಷೇಧಿಸಿತು. ಅಷ್ಟು ಜನರಲ್ಲಿ ಒಬ್ಬರ ಫೋನ್ ನಂಬರೂ ಅವಳ ಹತ್ತಿರ ಇರಲಿಲ್ಲ. "ಬೀಗ ಹಾಕಿದ್ದು ನನ್ನ ಅಂಗಡಿಗೆ ಕಣೇ, ಕೀಲಿ ಮಾತ್ರ ಯಾವತ್ತೂ ನನ್ನ ಕೈಲಿರಲಿಲ್ಲ" ಅಂದಳು. ಈಗ ಅವಳು ಕೆಂಗೇರಿ ಹತ್ತಿರ ಮತ್ತೆ ಮೆಷಿನ್ ಮುಂದೆ ಕೂತಿದ್ದಾಳೆ.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಹಳೇ ಕಾಲದ ಉದ್ದನೆಯದು, ಅವೆನ್ಯೂ ರಸ್ತೆಯಲ್ಲಿ ತಂದದ್ದು. ವಿಡಿಯೋ ನೋಡಿ "ಅಕ್ಕ, 38 ಸೈಜಿಗೆ ಪೇಪರ್ ಕಟಿಂಗ್ ಕಳಿಸ್ತೀರಾ" ಅಂತ ಕೇಳಿದವರ ಹೆಸರು, ಊರು, ನಂಬರು ಬರೆಯೋಕೆ ಶುರು ಮಾಡಿದೆ. ಪೇಪರ್ ಕಟಿಂಗ್ ಅಂದರೆ ಪ್ಯಾಟರ್ನ್, ಬಟ್ಟೆ ಮೇಲಿಟ್ಟು ಕತ್ತರಿಸೋ ಕಾಗದದ ಅಚ್ಚು. ಮೊದಲು ಪುಕ್ಕಟೆ ಕಳಿಸ್ತಿದ್ದೆ. ಬ್ರೌನ್ ಶೀಟು ನನ್ನದು, ಪೋಸ್ಟ್ ಖರ್ಚು ನನ್ನದು. ದುಡ್ಡು ಕೇಳೋಕೆ ನಾಲಿಗೆ ಏಳ್ತಿರಲಿಲ್ಲ. ವಿದ್ಯೆ ಮಾರ್ಕೋಬಾರದು ಅಂತ ನಮ್ಮಲ್ಲಿ ಹೇಳಿ ಬೆಳೆಸಿದ್ದಾರಲ್ಲ. ಹೇಳಿದವರೆಲ್ಲ ಸಂಬಳ ತಗೊಳ್ತಿದ್ದ ಮೇಷ್ಟ್ರುಗಳೇ ಅನ್ನೋದು ನನಗೆ ತಡವಾಗಿ ಹೊಳೆಯಿತು.

ಒಂದು ದಿನ ಹಾವೇರಿಯ ಒಬ್ಬರು ತಾವಾಗಿಯೇ 200 ರೂಪಾಯಿ ಫೋನ್‌ಪೇ ಮಾಡಿದರು. "ಅಕ್ಕಾರ, ನಿಮ್ಮ ಪ್ಯಾಟರ್ನ್ ಇಟ್ಕೊಂಡು ನಾ ಒಂದು ಬ್ಲೌಸಿಗೆ 350 ತಗೋತೀನ್ರಿ, ನೀವ್ಯಾಕ ಫುಕ್ಕಟ ಕೊಡ್ತೀರಿ?" ನನಗೆ ಉತ್ತರ ಹೊಳೆಯಲಿಲ್ಲ.

ಆವತ್ತಿನಿಂದ ಪ್ಯಾಟರ್ನ್ ಸೆಟ್ಟಿಗೆ 180, ಪೋಸ್ಟ್ ಖರ್ಚು ಬೇರೆ. ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ವಾರದ ಕ್ಲಾಸು, 799. ಅವರು ಹೊಲಿದು ಫೋಟೋ ಕಳಿಸಬೇಕು, ನಾನು ಕೆಂಪು ಗೆರೆ ಎಳೆದು ತಪ್ಪು ತೋರಿಸಬೇಕು. ಹೋದ ಬ್ಯಾಚಿನಲ್ಲಿ 22 ಜನ. 17,578 ರೂಪಾಯಿ. ಲಕ್ಷ ಜನ ನೋಡಿ ಕೊಟ್ಟದ್ದು 3,100, ಇಪ್ಪತ್ತೆರಡು ಜನ ಕೊಟ್ಟದ್ದು ಇದು. ಹಾಗಂತ ವಿಡಿಯೋ ಬಿಡೋ ಹಾಗಿಲ್ಲ. ಆ 22 ಜನ ಬಂದದ್ದೂ ಅದನ್ನು ನೋಡಿಯೇ. ಅಂಗಡಿಗೆ ಬೋರ್ಡು ಬೇಕೇ ಬೇಕು. ಬೋರ್ಡನ್ನು ನೋಡಿದವರೆಲ್ಲ ದುಡ್ಡು ಕೊಡ್ತಾರೆ ಅಂತ ಕಾಯೋದೇ ತಪ್ಪು.

ಎಲ್ಲಾ ತಿಂಗಳೂ ಹೀಗಿರಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಫೋನ್ ಬಿಡುವೇ ಇರಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಬ್ಲೌಸ್ ಇಲ್ಲ, ಕಲಿಯೋ ಹುಮ್ಮಸ್ಸೂ ಇಲ್ಲ. ಅದಕ್ಕೆ ಒಳ್ಳೆ ತಿಂಗಳ ದುಡ್ಡಲ್ಲಿ ಮೊದಲು ಎರಡು ತಿಂಗಳ ಬಾಡಿಗೆ ಬೇರೆ ಅಕೌಂಟಿಗೆ ಹಾಕಿಬಿಡ್ತೀನಿ. ಆ ಅಕೌಂಟಿನ ಕಾರ್ಡು ಅಮ್ಮನ ಹತ್ತಿರ. ಅಮ್ಮ ಕೊಡಲ್ಲ, ನಾನು ಕೇಳಲ್ಲ. ಮನೆಯಲ್ಲೇ ಹೊಲಿಯೋ ಕೆಲಸವನ್ನೂ ಬಿಟ್ಟಿಲ್ಲ. ಲೈನಿಂಗ್ ತರೋಕೆ ಹದಿನೈದು ದಿನಕ್ಕೊಮ್ಮೆ ಚಿಕ್ಕಪೇಟೆಗೆ ಹೋಗಲೇಬೇಕು.

ನನಗೆ ಮೆಸೇಜ್ ಮಾಡೋ ಹುಡುಗ ಹುಡುಗಿಯರು ಬಹಳ. "ಮೇಡಂ, ಕೆಲಸ ಬಿಟ್ಟು ಫುಲ್ ಟೈಮ್ ಮಾಡಲಾ?" ನಾನು ತಿರುಗಿ ಒಂದೇ ಕೇಳ್ತೀನಿ, ನಿಮ್ಮ ಹತ್ತಿರ ಎಷ್ಟು ನಂಬರಿದೆ? ವ್ಯೂಸ್ ಎಷ್ಟು ಅಂತ ಹೇಳ್ತಾರೆ. ನಂಬರ್ ಅಂದರೆ ಅವರಿಗೆ ಅರ್ಥವಾಗಲ್ಲ.

ಓನರ್ ಆಂಟಿ ಕೊನೆಗೆ ಜನವರಿಯಿಂದ 500 ಜಾಸ್ತಿ ಅಂತ ತೀರ್ಮಾನಿಸಿದರು. ಮೊನ್ನೆ ಮಗಳ ಸೀಮಂತಕ್ಕೆ ಅಂತ ರೇಷ್ಮೆ ಬ್ಲೌಸ್ ಪೀಸ್ ತಂದುಕೊಟ್ಟು, "ನಮ್ಮ ಹತ್ರಾನೂ ತಗೋತೀಯೇನಮ್ಮಾ?" ಅಂದರು. ಲೈನಿಂಗ್ ಸೇರಿ 650 ಆಂಟಿ, ಅಂದೆ. ಗೂಗಲ್‌ಪೇ ಬಂತು.

ಅಂದ ಹಾಗೆ, ಹೊಸ ಬ್ಯಾಚು ದೀಪಾವಳಿ ಮುಗಿದ ಸೋಮವಾರದಿಂದ. 799. ಡಿಸ್ಕೌಂಟ್ ಕೇಳಬೇಡಿ, ಸೀರೆಯನ್ನಂತೂ ಕಳಿಸಲೇಬೇಡಿ.