ಹಾರಿದರೆ ಮಾತ್ರ ಹಕ್ಕಿ

ಮಾರ್ಚ್ ಕೊನೆಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಕುಂದಾಪುರದ ಕೋಡಿ ತೀರದಲ್ಲಿ ನೀರು ಇಳಿದಿತ್ತು. ಒದ್ದೆ ಮರಳಿನ ಮೇಲೆ ಸುಮಾರು ಅರವತ್ತು ಪುಟ್ಟ ಹಕ್ಕಿಗಳು ತಿಂಡಿಗೆ ಇಳಿದಿದ್ದವು. ಎದುರಿಗೆ ಎಂಟು ಕ್ಯಾಮೆರಾ. ಅದರಲ್ಲಿ ಒಂದು ನಂದು. ಹದಿನೆಂಟು ತಿಂಗಳ ಕಂತಿನದು, ಇನ್ನೂ ಹನ್ನೊಂದು ಬಾಕಿ. ಹಾಗಾಗಿ ಮುಂದೆ ನಾನು ಯಾರನ್ನಾದರೂ ಬೈದರೆ ಎಂಟನೇ ಒಂದು ಭಾಗ ನನಗೂ ಸೇರುತ್ತದೆ.

ನಮ್ಮಲ್ಲೊಬ್ಬರು ಟೊಪ್ಪಿಯಿಂದ ಷೂವರೆಗೆ ಹಸಿರು ಎಲೆಗಳ ಚಿತ್ರವಿರುವ ಬಟ್ಟೆ ತೊಟ್ಟಿದ್ದರು. ಹಕ್ಕಿಗೆ ಗೊತ್ತಾಗಬಾರದಲ್ಲ, ಅದಕ್ಕೆ. ದಟ್ಟ ಕಾಡಿನಲ್ಲಿ ಬಹಳ ಉಪಯೋಗದ ಬಟ್ಟೆ. ಬಿಳಿ ಮರಳಿನ ಮೇಲೆ ಮಾತ್ರ ಅವರು ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಕ್ರೋಟನ್ ಗಿಡದ ಹಾಗೆ ಕಾಣುತ್ತಿದ್ದರು. ಅರ್ಧ ಕಿಲೋಮೀಟರ್ ದೂರದಿಂದ ನಾನು ಮೊದಲು ಗುರುತಿಸಿದ್ದೇ ಅವರನ್ನು. ಹಕ್ಕಿಗಳೂ ಅಷ್ಟೇ. ಮೋಸ ಹೋದದ್ದು ಊರಿನ ನಾಯಿ ಒಂದೇ. ಅದು ಹತ್ತಿರ ಬಂದು ಮೂಸಿತು, ಗಿಡ ಎಂದು ಖಾತ್ರಿ ಮಾಡಿಕೊಂಡಿತು, ಕಾಲೆತ್ತಿತು.

ಆ ಹಕ್ಕಿಗಳು ಸ್ಯಾಂಡ್ ಪ್ಲೋವರ್. ಗೊರವದ ಬಳಗ ಅನ್ನಿ. ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲಿನಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡಲಿಗೆ ಬರುತ್ತವೆ. ಬೇಸಿಗೆ ಏರುವ ಹೊತ್ತಿಗೆ ವಾಪಸ್ ಹೊರಡುತ್ತವೆ. ಒಂದರ ತೂಕ 60 ಗ್ರಾಂ ಆಸುಪಾಸು. ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಲೆನ್ಸ್ ಇದ್ದವರು ತಮ್ಮ ಲೆನ್ಸ್ ಮೂರು ಕೆಜಿ ಎಂದು ಎರಡು ಸಲ ಹೇಳಿದರು. ಅಂದರೆ ಆ ಲೆನ್ಸನ್ನು ತಕ್ಕಡಿಯ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಐವತ್ತು ಹಕ್ಕಿ ಕೂರಿಸಬೇಕು. ಆದರೆ ಕೂರಿಸುವವರು ಯಾರು? ನಾವು ಬಂದದ್ದೇ ಹಾರಿಸಲಿಕ್ಕೆ.

ಹೌದು, ಕೂತ ಹಕ್ಕಿಗೆ ಈಗ ಮಾರ್ಕೆಟ್ ಇಲ್ಲ. ಕೂತ ಹಕ್ಕಿಯ ಫೋಟೋ ಗ್ರೂಪಿಗೆ ಹಾಕಿದರೆ ಬರುವುದು ಎರಡು ಹೆಬ್ಬೆರಳು. ಅದರಲ್ಲಿ ಒಂದು ಭಾವನದು. ರೆಕ್ಕೆ ಬಿಚ್ಚಬೇಕು, ಹಿಂದೆ ಕೆಂಪು ಸೂರ್ಯ ಇರಬೇಕು, ನೀರು ಸಿಡಿಯಬೇಕು. ಇದಕ್ಕೆ 'ಆ್ಯಕ್ಷನ್' ಎನ್ನುತ್ತಾರೆ. ಹಕ್ಕಿ ಓಡಿ ಹೋಗಿ, ತಟ್ಟನೆ ನಿಂತು, ಮರಳಿಗೆ ಕೊಕ್ಕು ಹಾಕಿ, ಹುಳುವನ್ನು ಶಾವಿಗೆ ಎಳೆದ ಹಾಗೆ ಎಳೆಯುತ್ತದಲ್ಲ, ಅದು ಆ್ಯಕ್ಷನ್ ಅಲ್ಲವಂತೆ. ಅದು ಬರೀ ಊಟ.

ಹಕ್ಕಿಗಳು ತಾವಾಗಿ ಹಾರುವವರೆಗೆ ಕಾಯಬಹುದು. ಆದರೆ ಹತ್ತು ಗಂಟೆಗೆ ರೂಮ್ ಖಾಲಿ ಮಾಡಬೇಕು, ದಾರಿಯಲ್ಲಿ ನೀರುದೋಸೆ ಆಗಬೇಕು, ಮಧ್ಯಾಹ್ನಕ್ಕೆ ಘಾಟಿ ಹತ್ತಬೇಕು. ಅದಕ್ಕಾಗಿ ತಂಡದಲ್ಲಿ ಒಬ್ಬ 'ಹಾರಿಸುವವ' ಇರುತ್ತಾನೆ. ನಮ್ಮ ತಂಡದ ಹಾರಿಸುವವ ದೊಡ್ಡ ಲೆನ್ಸಿನವರ ಅಕ್ಕನ ಮಗ, ಒಂಬತ್ತು ವರ್ಷ. ಸಂಬಳ, ಓಟಕ್ಕೊಂದು ಐಸ್‌ಕ್ರೀಮ್.

"ಪುಟ್ಟಾ, ಓಡು!"

ಪುಟ್ಟ ಓಡಿದ. ಅರವತ್ತೂ ಒಟ್ಟಿಗೆ ಎದ್ದವು. ಎಂಟು ಕ್ಯಾಮೆರಾ ಕಡಲೆ ಹುರಿಯುವ ಬಾಣಲೆಯಂತೆ ಚಟಪಟ ಎಂದವು. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ ಇಪ್ಪತ್ತು ಫೋಟೋ ತೆಗೆಯುತ್ತವೆ. ಅಷ್ಟೂ ನೋಡಿದೆವು. ಎಲ್ಲದರಲ್ಲೂ ಬಾಲ. ಹಿಂದಿನಿಂದ ಓಡಿಸಿದರೆ ಹಕ್ಕಿ ಮುಂದಕ್ಕೆ ಹೋಗುತ್ತದೆ, ನಮಗೆ ಸಿಗುವುದು ಅದರ ಅಂಡು. ಇಷ್ಟು ತಿಳಿಯಲು ಲಕ್ಷಾಂತರ ರೂಪಾಯಿಯ ಸಾಮಾನು ಬೇಕಿರಲಿಲ್ಲ, ಕೋಳಿ ಅಟ್ಟಿದ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಅದೇ ಬಾಲಗಳ ಫೋಟೋ ಅಂದು ಸಂಜೆಯೇ 'ಸ್ವಾತಂತ್ರ್ಯದ ರೆಕ್ಕೆಗಳು' ಎಂಬ ಹೆಸರಿನಲ್ಲಿ ಬಂತು. ಪ್ರಾಣಭಯದಿಂದ ಎದ್ದುಬಿದ್ದು ಓಡುವವರನ್ನು ಸ್ವತಂತ್ರರು ಎಂದು ಕರೆಯುವುದು ನಮಗೆ ಹೊಸದೇನಲ್ಲ ಬಿಡಿ.

ಅಷ್ಟಕ್ಕೂ ಬೇರೆ ಕಾಲದಲ್ಲಿ ಓಡಿಸಿದ್ದರೆ ಒಂದು ಮಾತು. ಮಾರ್ಚ್-ಏಪ್ರಿಲ್ ಅಂದರೆ ಅವು ಹೊರಡುವ ಕಾಲ. ಹಿಮಾಲಯ ದಾಟಲು ಮೈಯಲ್ಲಿ ಕೊಬ್ಬು ಕೂಡಿಸಬೇಕು. ನೀರು ಇಳಿದಾಗ ಮಾತ್ರ ಹುಳು, ಸಣ್ಣ ಏಡಿ ಸಿಗುತ್ತವೆ. ನೀರು ಏರಿತೋ, ಹೋಟೆಲ್ ಬಂದ್. ಇದೇ ಹೊತ್ತಿಗೆ ಅವುಗಳ ಎದೆಗೆ ಇಟ್ಟಿಗೆ ಕೆಂಪು ಬಣ್ಣ ಬರುತ್ತದೆ. ಅದು ಮದುವೆ ಸೀರೆ, ಉಟ್ಟುಕೊಂಡದ್ದು ಟಿಬೆಟ್ಟಿಗಾಗಿ. ಸಿಕ್ಕಿಬಿದ್ದದ್ದು ನಮ್ಮ ಕೈಗೆ. ಹಕ್ಕಿಗೆ ಹಸಿವು ಜಾಸ್ತಿಯಾಗುವ ದಿನಗಳಲ್ಲೇ ಅದು ಚೆಂದ ಕಾಣುತ್ತದೆ, ಮಕ್ಕಳ ಪರೀಕ್ಷೆಯೂ ಅಷ್ಟರಲ್ಲಿ ಮುಗಿಯುತ್ತದೆ.

ಇದೇ ದೊಡ್ಡ ಬಳಗದ ಇನ್ನೊಂದು ಹಕ್ಕಿ, ಬಾರ್-ಟೇಲ್ಡ್ ಗಾಡ್‌ವಿಟ್. 2022ರಲ್ಲಿ ಅದರ ಒಂದು ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಹಾರಿತು. 13,560 ಕಿಲೋಮೀಟರ್, 11 ದಿನ, ನಡುವೆ ಎಲ್ಲೂ ಇಳಿಯಲಿಲ್ಲ. ದಾರಿಯ ಬಹುಪಾಲು ಇಳಿಯಲು ಜಾಗವೂ ಇರಲಿಲ್ಲ, ಕೆಳಗೆ ಪೆಸಿಫಿಕ್ ಸಾಗರ. ಕೋಡಿಯಲ್ಲಿ ಜಾಗ ಇದೆ. ಆದರೂ ಹನ್ನೊಂದು ನಿಮಿಷ ಕೂರಲು ಬಿಡುವುದಿಲ್ಲ. ಇಷ್ಟು ದೂರ ಹಾರಿ ಬಂದ ಜೀವಕ್ಕೆ "ಸ್ವಲ್ಪ ಹಾರಿ ತೋರಿಸು" ಎನ್ನುವವರು ನಾವು. ಬೆಂಗಳೂರಿನಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದ ನಮಗೆ ಬಾಗಿಲಲ್ಲೇ ಯಾರಾದರೂ "ಇನ್ನೊಂದು ರೌಂಡ್ ಶಿರಾಡಿ ಹೊಡೆದು ಬನ್ನಿ, ಫೋಟೋ ತೆಗೀತೇನೆ" ಎಂದರೆ ಹೇಗಿರುತ್ತದೆ?

ಹಕ್ಕಿ ಬೇಡ, ದೃಶ್ಯವಾದರೂ ಸಾಕು ಎನ್ನುವವರ ಕಥೆ ಬೇರೆ. ಮರವಂತೆಗೆ ಹೋಗಿ. ಹೆದ್ದಾರಿಯ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ನಡುವೆ ಫೋಟೋಕ್ಕೆಂದು ನಿಲ್ಲಿಸಿದ ಕಾರುಗಳು, ಅವುಗಳ ಹಿಂದೆ ಹಾರ್ನ್ ಹೊಡೆಯುವ ಮೀನಿನ ಲಾರಿ. ಕಾಪುವಿನ ದೀಪಸ್ತಂಭ 1901ರದು. ದೂರದ ಕಡಲಿನಲ್ಲಿದ್ದವರಿಗೆ ದಡ ಕಾಣಲಿ ಎಂದು ಕಟ್ಟಿದ್ದು. ಈಗ ಜನ ದಡದಲ್ಲಿ ಅದಕ್ಕೆ ಬೆನ್ನು ಹಾಕಿ ನಿಂತು, ಸ್ತಂಭ ತಮ್ಮ ತಲೆಯ ಮೇಲೆ ಕೊಂಬಿನ ಹಾಗೆ ಬಂದಿದೆಯೋ ಎಂದು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಇನ್ನು ಊರೂರಿನ ಬೀಚಿನಲ್ಲಿ 'ಐ ಲವ್' ಎಂಬ ಆಳೆತ್ತರದ ಅಕ್ಷರಗಳು. ಒಳಗೆ ಬಲ್ಬು, ನಡುವೆ ಕೆಂಪು ಹೃದಯ. ಅದನ್ನು ನಿಲ್ಲಿಸುವುದು ಸಮುದ್ರಕ್ಕೆ ಅಡ್ಡವಾಗಿ. ಫೋಟೋದಲ್ಲಿ ಪ್ರೀತಿ ಕಾಣುತ್ತದೆ, ಸಮುದ್ರ ಮಾತ್ರ 'ವಿ' ಅಕ್ಷರದ ಸಂದಿನಲ್ಲಿ ಒಂಚೂರು.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ರಾಮ್ಸಾರ್ ಅಂದರೆ ಇರಾನಿನ ಒಂದು ಊರು. ಜೌಗು ನೆಲಗಳನ್ನು ಉಳಿಸಬೇಕೆಂದು ದೇಶಗಳು 1971ರಲ್ಲಿ ಒಪ್ಪಂದ ಮಾಡಿಕೊಂಡದ್ದು ಅಲ್ಲಿ. ಕುಮಟಾದ ಆ ಅಳಿವೆಯಲ್ಲಿ ಹೆಂಗಸರು ಸೊಂಟದುದ್ದ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ, ಪಕ್ಕದಲ್ಲೇ ಹಕ್ಕಿಗಳೂ ಹೆಕ್ಕುತ್ತವೆ. ಎರಡೂ ಕಡೆಯವರಿಗೆ ಜಗಳವಿಲ್ಲ. ಸುದ್ದಿ ಬಂದಾಗ ನಮ್ಮ ಗ್ರೂಪಿನಲ್ಲಿ ಎದ್ದ ಪ್ರಶ್ನೆ ಒಂದೇ: "ರಾಮ್ಸಾರ್‌ನಲ್ಲಿ ಪಾರ್ಕಿಂಗ್ ಹೇಗೆ?"

ನನಗನಿಸುತ್ತದೆ, ಮನುಷ್ಯರಿಗೆ ಬೋರ್ಡು ಹಾಕಿ ಪ್ರಯೋಜನವಿಲ್ಲ. ಹಕ್ಕಿಗಳಿಗೇ ಒಂದು ಹಾಕಬೇಕು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಯಾವ ಹಕ್ಕಿಯೂ ಕೂರತಕ್ಕದ್ದಲ್ಲ. ಹಾರುವಾಗ ಮುಖ ಕ್ಯಾಮೆರಾ ಕಡೆ ಇರತಕ್ಕದ್ದು. ತಿಂಡಿಯನ್ನು ಟಿಬೆಟ್ಟಿನಲ್ಲೇ ಮುಗಿಸಿಕೊಂಡು ಬರತಕ್ಕದ್ದು. ತಪ್ಪಿದಲ್ಲಿ ತೀರಕ್ಕೆ ಪ್ರವೇಶವಿಲ್ಲ. ಓದು ಬರದ ಹಕ್ಕಿಗಳಿಗಾಗಿ ಮೈಕಿನಲ್ಲೂ ಕೂಗಿಸಬಹುದು, ಹೇಗೂ ಆ ಸದ್ದಿಗೆ ಹಾರಿಯೇ ಹಾರುತ್ತವೆ.

ಅಂದು ಪಕ್ಕದಲ್ಲೇ ಮೀನುಗಾರರು ದಡದಲ್ಲಿ ನಿಂತು ಕೈಯಲ್ಲೇ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೊಡ್ಡ ಲೆನ್ಸಿನವರು ಹೋಗಿ, ಬೆಳಕು ಈಗ ಚೆನ್ನಾಗಿದೆ, ಇನ್ನೊಮ್ಮೆ ಎಳೆಯಬಹುದಾ ಎಂದು ಕೇಳಿದರು. ಬಲೆಯಲ್ಲಿ ಒಂದು ಬುಟ್ಟಿಯಷ್ಟೂ ಮೀನಿರಲಿಲ್ಲ. ಅಜ್ಜರೊಬ್ಬರು ಹಗ್ಗ ಸುತ್ತುತ್ತಾ ಇವರನ್ನು ಮೇಲಿಂದ ಕೆಳಗೆ ನೋಡಿದರು.

"ಹ್ವಾಯ್, ಆ ಹಕ್ಕಿ ನಿಮ್ಗ್ ಎಂತ ಮಾಡಿತ್ತ್ ಮಾರಾಯ್ರೆ?"

ಲೆನ್ಸಿನವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಕ್ಕು, ಅಜ್ಜರ ಮುಖದ ಸುಕ್ಕುಗಳದ್ದೇ ನಾಲ್ಕು ಫೋಟೋ ತೆಗೆದುಕೊಂಡು ಬಂದರು. ಕಪ್ಪು-ಬಿಳುಪು ಮಾಡಿದರೆ ಬಹುಮಾನ ಬರುತ್ತದಂತೆ.

ಐದನೇ ಓಟದ ಹೊತ್ತಿಗೆ ಹಕ್ಕಿಗಳು ದೂರ ಹೋಗುವುದನ್ನು ಬಿಟ್ಟಿದ್ದವು. ಎದ್ದ ಹಾಗೆ ಮಾಡಿ ಹತ್ತು ಮಾರು ಆಚೆ ಇಳಿಯುತ್ತಿದ್ದವು. ಪುಟ್ಟ ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡುತ್ತಾ ಅವುಗಳನ್ನೇ ನೋಡುತ್ತಿದ್ದ.

"ಮಾಮಾ, ಅವು ಏನೋ ತಿಂತಾ ಇವೆ."

"ತಿನ್ನೋದು ಬಿಡೋ. ಸೂರ್ಯ ಮೇಲೆ ಬರ್ತಿದಾನೆ. ಇನ್ನೊಂದೇ ಸಲ."

"ಅವಕ್ಕೂ ಸುಸ್ತಾಗಿದೆ."

"ಎರಡು ಐಸ್‌ಕ್ರೀಮ್."

ಪುಟ್ಟ ಯೋಚಿಸಿದ. ದೂರದಲ್ಲಿ ಐಸ್‌ಕ್ರೀಮ್ ಗಾಡಿಯವನು ಆಗಷ್ಟೇ ಬಂದು ಛತ್ರಿ ಬಿಚ್ಚುತ್ತಿದ್ದ. ಬಾಕಿ ಐದು, ಇದು ಎರಡು, ಒಟ್ಟು ಏಳು. ಮಾವನ ಪರ್ಸ್ ಬ್ಯಾಗಿನ ಹೊರಜೇಬಿನಲ್ಲೇ ಇತ್ತು. ಅದನ್ನು ಎತ್ತಿಕೊಂಡು ಪುಟ್ಟ ಓಡಿದ. ಹಕ್ಕಿಗಳ ಕಡೆಗಲ್ಲ.

ಎಂಟೂ ಲೆನ್ಸ್ ಅವನ ಹಿಂದೆ ತಿರುಗಿದವು. ಅಭ್ಯಾಸಬಲ, ಯಾರೋ ಇಬ್ಬರು ಬಟನ್ ಒತ್ತಿಯೂ ಬಿಟ್ಟರು. ಒಬ್ಬ ನಾನು. ಅಂದು ತೆಗೆದದ್ದರಲ್ಲಿ ಶಾರ್ಪ್ ಆಗಿ ಬಂದದ್ದು ಅದೊಂದೇ. ಬೆಳಕು ಚೆನ್ನಾಗಿದೆ, ಮರಳು ಸಿಡಿದಿದೆ, ಎರಡೂ ಕಾಲು ನೆಲದಿಂದ ಮೇಲಿವೆ. ಮುಖ ಮಾತ್ರ ಕಾಣುವುದಿಲ್ಲ.