ದುಡ್ಡಿಲ್ಲದ ಬ್ಯಾಟ್‌ಮ್ಯಾನೇ ಚೆಂದ

ಹಳೇ ಹೀರೋಗಳ ಕತೆಯನ್ನು ಹೊಸದಾಗಿ ಹೇಳುವ ಡಿಸಿ ಕಾಮಿಕ್ಸ್‌ನ ಅಬ್ಸಲ್ಯೂಟ್ ಸಾಲಿನ ಹೊಸ ಸಂಚಿಕೆಗಳು ಬರೀ ಮಾರಾಟದ ಗಿಮಿಕ್ ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸಾರ್. 2024ರ ಅಕ್ಟೋಬರ್‌ನಲ್ಲಿ ಶುರುವಾದ ಈ ಬ್ಯಾಟ್‌ಮ್ಯಾನ್ ಕತೆಯಲ್ಲಿ ಬ್ರೂಸ್‌ಗೆ (ಮುಖವಾಡದ ಹಿಂದಿನ ಬ್ಯಾಟ್‌ಮ್ಯಾನ್) ಬಂಗಲೆ ಇಲ್ಲ, ಬಟ್ಲರ್ ಇಲ್ಲ, ಅಮ್ಮ ಮಾರ್ಥಾ ಬದುಕಿದ್ದಾರೆ, ಅವನು ದುಡಿದು ತಿನ್ನುವ ಎಂಜಿನಿಯರ್, ಹಳೇ ಕತೆಗಳಲ್ಲಿ ಬಟ್ಲರ್ ಆಗಿದ್ದ ಆಲ್ಫ್ರೆಡ್ ಅಂತೂ ಬ್ರಿಟಿಷ್ ಗೂಢಚಾರನಾಗಿ ಅವನ ಬೆನ್ನು ಬಿದ್ದಿದ್ದಾನೆ. ಇಷ್ಟೆಲ್ಲ ಬದಲಾದರೂ ಬ್ಯಾಟ್‌ಮ್ಯಾನೇ ಅನ್ನಿಸುತ್ತದೆ ಅಲ್ವಾ? ಅದು ಕತೆ ಬರೆದ ಸ್ಕಾಟ್ ಸ್ನೈಡರ್ ಕೈಚಳಕ. ನಿಕ್ ಡ್ರಗೋಟಾ ಚಿತ್ರಗಳಲ್ಲಿ ಎದೆ ಮೇಲಿನ ಬಾವಲಿ ಗುರುತೇ ಕೊಡಲಿ ಆಗುತ್ತದೆ, ಸುಮ್ನೆ ಮಾತಲ್ಲ! ಇದೇ ಸಾಲಿನ, ನರಕದಲ್ಲಿ ಬೆಳೆದ ವಂಡರ್ ವುಮನ್ ಇನ್ನೂ ಒಂದು ಕೈ ಮೇಲೆ. ಸೂಪರ್‌ಮ್ಯಾನ್ ಮಾತ್ರ ನಿಧಾನ.

ಮಳೆಗಾಲದಲ್ಲಿ ಮಡಿಕೇರಿಗೆ ಪಾರ್ಸೆಲ್ ಬರುವುದೇ ತಡ (ಬಂದರೂ ಒದ್ದೆ), ಅದಕ್ಕೇ ಮೊಬೈಲ್‌ನಲ್ಲಿ ಓದುತ್ತೇನೆ. ಮುಂದಿನ ಸಲ ಕೊನೆ ಪುಟದ ಗುಟ್ಟು ಹೆಡ್ಡಿಂಗ್‌ನಲ್ಲೇ ಹಾಕಬೇಡಿ ಮಾರಾಯ್ರೆ.