ಒಂದೂವರೆ ಗೇಣಿಗೆ ಒಂದು ಬೆರಳು ಕಡಿಮೆ

ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ನಮ್ಮ ಚಿಕ್ಕಮ್ಮ, ಸೂಟ್‌ಕೇಸಿನ ಮೇಲೆ ಮಂಡಿಯೂರಿ ಅದರ ಜಿಪ್ ಎಳೆಯುತ್ತ, "ಅಲ್ವೋ, ಅದು ಬೆಂಗಳೂರಿನಿಂದ ಎಷ್ಟು ದೂರ?" ಎಂದು ಕೇಳಿದರು. ನಾನು ಫೋನು ನೋಡಿ, ಸುಮಾರು 14,000 ಕಿಲೋಮೀಟರ್, 16 ಗಂಟೆ ಎಂದೆ. "ಟಿಕೆಟ್ಟಿನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತೆ ಅಂತಿದೆ. ಎರಡೂವರೆ ಗಂಟೆ ಆಯಿತು. ಮೈಸೂರಿಗೂ ಅಷ್ಟೇ ತಾನೇ?" ಎಂದರು. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆಂದು ವಿವರಿಸಿದಾಗ, ಚಿಲ್ಲರೆ ಕಡಿಮೆ ಕೊಟ್ಟ ಅಂಗಡಿಯವನನ್ನು ನೋಡುವಂತೆ ನನ್ನನ್ನು ನೋಡಿದರು.

ನನಗೂ ಈ ಫೋನಿನ ಲೆಕ್ಕದ ಮೇಲೆ ಸಿಟ್ಟಿದೆ. ದೂರವನ್ನು ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ ಉತ್ತರ ಕೊಡುವ ಈ ಪಂಡಿತರು ಗಾಳಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತಿದ್ದು, ಹೋಗುವಾಗ ಬೆನ್ನು ತಳ್ಳುವ ಅದು ಬರುವಾಗ ಎದೆಗೆ ಬಡಿಯುತ್ತದೆ. ದೂರವೆಂದರೇನು ಎಂಬುದರ ಬಗ್ಗೆ ಗಂಭೀರವಾಗಿ ಬರೆಯಲೆಂದೇ ಕುಳಿತಿದ್ದೇನೆ. ಆದರೆ ನಡುವೆ ಚಿಕ್ಕಪ್ಪನವರು ಬಂದುಬಿಟ್ಟರು.

ಚಿಕ್ಕಪ್ಪ ಸರ್ವೆ ಇಲಾಖೆಯಲ್ಲಿದ್ದು, 33 ಅಡಿಯ ಸರಪಳಿ ಎಳೆಸಿ ಊರೂರಿನ ಹೊಲ ಅಳೆದವರು. ಕೈಯಿಂದ ಅಳೆಯದ್ದನ್ನು ನಂಬುವವರಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನೇರವಾಗಿ ಬೆಂಗಳೂರಿಗೆ ಬಂದಿಳಿದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅಟ್ಟದಿಂದ ಮಗಳ ಶಾಲೆಯ ಕಾಲದ ಗ್ಲೋಬನ್ನು ಇಳಿಸಿ, ಪಂಚೆಯ ಅಂಚಿನಿಂದ ಧೂಳು ಒರೆಸಿ, ಹೂ ಕಟ್ಟುವ ದಾರವನ್ನು ಸಮಭಾಜಕ ವೃತ್ತಕ್ಕೆ ಸುತ್ತಿದರು. ನಾಲ್ಕು ಗೇಣು ಬಂತು. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಹಾಗಾಗಿ ಗೇಣಿಗೆ 10,000. ಆಮೇಲೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ನನ್ನ ಹೆಬ್ಬೆರಳಿನಿಂದ ಒತ್ತಿಸಿ, ಇನ್ನೊಂದನ್ನು ಕ್ಯಾಲಿಫೋರ್ನಿಯಾದವರೆಗೆ ಬಿಗಿಯಾಗಿ ಎಳೆದರೆ, ಜಪಾನಿನ ಕಡೆ ಹೋಗುತ್ತದೆಂದು ನಾವು ತಿಳಿದಿದ್ದ ಆ ದಾರ ಹಿಮಾಲಯ ಹತ್ತಿ, ಟಿಬೆಟ್ ದಾಟಿ, ಸೈಬೀರಿಯಾದ ನೆತ್ತಿಯನ್ನು ಸವರಿ, ಅಲಾಸ್ಕಾದ ಮೇಲಿಂದ ಇಳಿಯಿತು. ಹತ್ತಿರದ ದಾರಿ ಅದೇ; ಗಾಳಿಯ ಆಸೆಗೆ ವಿಮಾನ ಬೇರೆ ಕಡೆ ತಿರುಗಿದರೆ ಅದರ ಇಷ್ಟ ಎಂದರು ಚಿಕ್ಕಪ್ಪ. "ಅಯ್ಯೋ, ಸ್ವೆಟರ್ ಅಡಿಯಲ್ಲಿ ಹಾಕಿಬಿಟ್ಟೆನಲ್ಲ!" ಎಂದು ಚಿಕ್ಕಮ್ಮ ಜಿಪ್ ಮತ್ತೆ ಬಿಚ್ಚಿದರು.

ಒಂದೂವರೆ ಗೇಣಿಗೆ ಒಂದು ಬೆರಳು ಕಡಿಮೆ. ಎರಡನೆಯ ಸಲ ಅಳೆದರೂ ಅಷ್ಟೇ ಬಂದಾಗ ಚಿಕ್ಕಪ್ಪ ಅಲ್ಲಿಗೆ ದಾರವನ್ನು ಕತ್ತರಿಸಿ, ನನ್ನ ಫೋನಿನ ಪಕ್ಕದಲ್ಲಿಟ್ಟು, ಗೆದ್ದವರಂತೆ ಕನ್ನಡಕ ತೆಗೆದರು. ಎರಡೂ ಒಂದೇ ಉತ್ತರವನ್ನು ಹೇಳುತ್ತಿದ್ದವೆಂಬುದನ್ನು ನಾನು ಎತ್ತಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಆ ದಾರವನ್ನೆತ್ತಿ, ಬಾಣಂತಿ ಲೇಹ್ಯದ ಡಬ್ಬಿಯ ಬಾಯಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಸುತ್ತಲಾರಂಭಿಸಿದ್ದರು. "ಅದು ಅಳತೆಯ ದಾರ ಕಣೇ!" ಎಂದು ಚಿಕ್ಕಪ್ಪ ಕೂಗಿದರು. ಒಂದು ಸುತ್ತು ಬಂತು, ಗಂಟಿಗೆ ಸಾಲಲಿಲ್ಲ.

"ತೀರಾ ಗಿಡ್ಡ ಆಯಿತು, ಉದ್ದದ್ದು ಕೊಡಿ" ಎಂದರು ಚಿಕ್ಕಮ್ಮ.